ಕಡೆಗಣ್ಣಿನ ವಿದ್ಯೆ

ಹಕ್ಕಿಯ ಕಣ್ಣೊಂದನ್ನೇ ಕಂಡ ಅರ್ಜುನನ ಏಕಾಗ್ರತೆಯನ್ನು 30 ವರ್ಷಗಳಿಂದ ತರಗತಿಯಲ್ಲಿ ಕೊಂಡಾಡುತ್ತ ಬಂದವನು ನಾನು. ಆದರೆ ಸಂಜೆ ನಮ್ಮ ಶಾಲೆಯ ಬಯಲಿನಲ್ಲಿ ಕಬಡ್ಡಿ ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗುವ ಬಾಲಕನಿಗೆ ಬೇಕಾದುದು ಬೇರೊಂದು ವಿದ್ಯೆ. ಎದುರಿನ 7 ಮಂದಿಯಲ್ಲಿ ಒಬ್ಬನನ್ನು ದಿಟ್ಟಿಸುತ್ತಲೇ ಎರಡೂ ಮೂಲೆಗಳ ಅಲುಗಾಟವನ್ನು ಆತ ಕಡೆಗಣ್ಣಿನಿಂದ ಅರಿಯಬೇಕು. ಕಣ್ಣು ಅತ್ಯಂತ ಸ್ಫುಟವಾಗಿ ಕಾಣುವುದು ನಟ್ಟನಡುವಿನ ಸುಮಾರು 2 ಡಿಗ್ರಿಯಷ್ಟನ್ನು ಮಾತ್ರ. ಅಂಚಿನಲ್ಲಿ ರೂಪ ಮಸುಕು, ಆದರೂ ಚಲನೆ ಗೋಚರ. ಅಭ್ಯಾಸದಿಂದ ಕಣ್ಣಿನ ಎಲ್ಲೆ ಹಿಗ್ಗದು. ಆ ಮಸುಕಿನ ಸುಳಿವನ್ನು ಬೇಗನೆ ಗುರುತಿಸಿ ಕಾಲಿಗೆ ಆಜ್ಞೆಯೀಯಲು ಮೆದುಳು ಕಲಿಯುತ್ತದೆ. ಪರೀಕ್ಷೆಯ ಸಲುವಾಗಿ ಆಟದ ಅವಧಿಯನ್ನು ಮೊಟಕುಗೊಳಿಸಬೇಕೆನ್ನುವ ಹಿತೈಷಿಗಳಲ್ಲಿ ನನ್ನ ವಿನಂತಿಯಿಷ್ಟೆ: ಏಕಾಗ್ರತೆಯನ್ನು ಪುಸ್ತಕವೂ ಕಲಿಸಬಲ್ಲುದು, ಈ ವಿದ್ಯೆಗೆ ಬಯಲೇ ಗುರು. ಅದನ್ನು ಕಡೆಗಣಿಸದಿರೋಣ.