ಹೊಲದಾಗ ದುಡಿಯೋರಿಗೆ ಯೋಗ ಯಾಕ?

ಬೆಳಗಾವಿ–ಖಾನಾಪುರ ನಡುವೆ ವಾರಕ್ಕೆ ಎರಡು-ಮೂರು ಸಲ ಓಡಾಡುವ ನನಗೆ ಎರಡೂ ಕಡೆ ಕೇಳಿಸುವ ಮಾತು ಒಂದೇ: "ಯೋಗ ನಮ್ಮಂಥವರಿಗಲ್ಲ." ಕಾರಣ ಮಾತ್ರ ಬೇರೆ. ಟಿಳಕವಾಡಿಯ ಗೆಳತಿ "ನನ್ನ ಮೈ ಬಗ್ಗೂದಿಲ್ಲ" ಅನ್ನುತ್ತಾಳೆ. ಖಾನಾಪುರದ ಕಡೆಯ ನಮ್ಮ ದೊಡ್ಡವ್ವ "ದಿನಾ ಬಗ್ಗಿ ಬಗ್ಗಿನ ನಡ ಹೋಗೈತಿ, ಮತ್ತೇನ್ ಬಗ್ಗಲಿ?" ಅನ್ನುತ್ತಾಳೆ. ಒಬ್ಬರಿಗೆ ಬಗ್ಗಲು ಬರುವುದಿಲ್ಲ, ಇನ್ನೊಬ್ಬರಿಗೆ ಬಗ್ಗಿ ಸಾಕಾಗಿದೆ.

ಯೋಗ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಜೂನ್ 21ರ ಫೋಟೊಗಳು. ಬಿಳಿ ಟೀ ಶರ್ಟು, ಸಾಲಾಗಿ ಹಾಸಿದ ಮ್ಯಾಟು, ತಲೆ ಕೆಳಗೆ ಮಾಡಿ ನಿಂತ ಹುಡುಗರು. ಅದನ್ನು ನೋಡಿದವರಿಗೆ ಇದು ನಮ್ಮದಲ್ಲ ಅನಿಸುವುದು ಸಹಜ. ಆದರೆ ಯೋಗ ಇಲ್ಲಿಂದ ಜಗತ್ತಿಗೆ ಹೋದ ಕಥೆಯಲ್ಲಿ ನಮ್ಮ ಬೆಳಗಾವಿಯೂ ಇದೆ. ಅದನ್ನು ತಿಳಿದರೆ ಈ ತಪ್ಪು ತಿಳಿವಳಿಕೆಗಳಲ್ಲಿ ಅರ್ಧ ತಾವಾಗಿಯೇ ಬಿದ್ದುಹೋಗುತ್ತವೆ.

"ಮೈ ಬಗ್ಗೂದಿಲ್ಲ, ಶಕ್ತಿ ಇಲ್ಲ"

ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಬಡ ಕುಟುಂಬ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಕಾಡಿದವು. ತೆಳ್ಳನೆ ಕೈಕಾಲು, ಬಗ್ಗದ ಮೈ. ಮೈಸೂರಿನಲ್ಲಿ ಯೋಗ ಕಲಿಸುತ್ತಿದ್ದ ಅವರ ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರಿಗೇ ಈ ಹುಡುಗನ ಮೇಲೆ ಅಷ್ಟೇನೂ ಭರವಸೆ ಇರಲಿಲ್ಲ.

1936ರ ಹೊತ್ತಿಗೆ ಗುರು-ಶಿಷ್ಯರು ಪ್ರಾತ್ಯಕ್ಷಿಕೆ ಕೊಡುತ್ತ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗೆ ಬಂದರು. ಬೆಳಗಾವಿಯಲ್ಲಿ ಅದನ್ನು ನೋಡಿ ಮೆಚ್ಚಿದವರು ಸಿವಿಲ್ ಸರ್ಜನ್ ಡಾ. ವಿ.ಬಿ. ಗೋಖಲೆ. ನಿವೃತ್ತರಾಗಿ ಪುಣೆಗೆ ಹೋದ ಮೇಲೆ, 1937ರಲ್ಲಿ, ಅಯ್ಯಂಗಾರರನ್ನು ಕಲಿಸಲು ಅಲ್ಲಿಗೆ ಕರೆಸಿಕೊಂಡವರೂ ಅವರೇ. ಹುಡುಗನಿಗೆ ಆಗ ಹದಿನೆಂಟು ವರ್ಷ. ಮರಾಠಿ ಬರುತ್ತಿರಲಿಲ್ಲ. ಆರು ತಿಂಗಳಿಗೆಂದು ಹೋದವರು ಪುಣೆಯಲ್ಲೇ ನೆಲೆಸಿದರು. ಮುಂದೆ ಜಗತ್ತೇ ಅವರಿಂದ ಕಲಿಯಿತು.

ಅಂದರೆ, ಯೋಗವನ್ನು ನೆಚ್ಚಿ ಮುಂದೆ ತಂದವರಲ್ಲಿ ಇಂಗ್ಲಿಷ್ ವೈದ್ಯ ಕಲಿತ ಡಾಕ್ಟರೊಬ್ಬರಿದ್ದರು. ಅವರು ಕರೆಸಿದ್ದು ರೋಗದಿಂದ ಎದ್ದುಬಂದ ಹುಡುಗನನ್ನು. ಮೈ ಬಗ್ಗಿದ ಮೇಲೆ ಯೋಗ ಮಾಡುತ್ತೇನೆ ಅನ್ನುವುದು, ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಅಂದ ಹಾಗೆ.

"ಹೆಣ್ಮಕ್ಕಳಿಗೆ ಯಾತಕ್ಕ? ಅದೂ ಈ ವಯಸ್ಸಿನ್ಯಾಗ?"

ಅದೇ ಪ್ರವಾಸದಲ್ಲಿ ಧಾರವಾಡದ ಹೆಣ್ಣುಮಕ್ಕಳು ತಮಗೂ ಕಲಿಸಿ ಎಂದು ಕೇಳಿದರು. ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನೆಂದು ಆ ಕೆಲಸ ಅಯ್ಯಂಗಾರರ ಪಾಲಿಗೆ ಬಂತು. ಅವರು ಮೇಷ್ಟ್ರಾಗಿದ್ದು ಹಾಗೆ. ಆಗಿನ ಕಾಲದಲ್ಲಿ, ನಮ್ಮ ಪಕ್ಕದ ಊರಲ್ಲಿ, ಬಾಯಿಬಿಟ್ಟು ಕೇಳಿ ಕಲಿತವರು ಹೆಂಗಸರು. ಇನ್ನು ವಯಸ್ಸಿನ ಮಾತು. ಮುಂದೆ ಅಯ್ಯಂಗಾರರ ಬಳಿ ಕಲಿತ ಬೆಲ್ಜಿಯಂನ ರಾಜಮಾತೆ ಎಲಿಜಬೆತ್‌ರಿಗೆ ಆಗ 80 ದಾಟಿತ್ತು.

"ಹೊಲದ ಕೆಲಸಾನ ಯೋಗ"

ನಮ್ಮ ಕಡೆ ಎಲ್ಲರನ್ನೂ ತಡೆಯುವುದು ಈ ಮಾತೇ. ಇದರಲ್ಲಿ ಅರ್ಧ ನಿಜವಿದೆ. ಹೊಲದಲ್ಲಿ ದುಡಿಯುವವರಿಗೆ ಬೆವರು, ಕಸುವು ಯಾವುದಕ್ಕೂ ಕೊರತೆ ಇಲ್ಲ.

ಆದರೆ ಭತ್ತದ ನಾಟಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕೆಸರಲ್ಲಿ ನಿಂತು, ನಡ ಮುರಿದು ಮುಂದಕ್ಕೆ ಬಾಗಿ, ತಾಸುಗಟ್ಟಲೆ ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚುವುದು. ಮನೆಗೆ ಬಂದರೆ ಒಲೆ ಮುಂದೆ, ಪಾತ್ರೆ ಮುಂದೆ ಮತ್ತೆ ಬಾಗುವುದು. ನೀರಿನ ಕೊಡ ಯಾವಾಗಲೂ ಅದೇ ಟೊಂಕದ ಮೇಲೆ. ಮೈ ದಿನವಿಡೀ ದುಡಿಯುತ್ತದೆ, ಆದರೆ ಒಂದೇ ದಿಕ್ಕಿಗೆ. ಬೆನ್ನು ಹಿಂದಕ್ಕೆ ಹಿಗ್ಗುವುದಿಲ್ಲ, ಎದೆ ತೆರೆಯುವುದಿಲ್ಲ, ಉಸಿರು ಪೂರ್ತಿ ಒಳಗೆ ಹೋಗುವುದಿಲ್ಲ. ಆಸನಗಳು ಮಾಡಿಸುವುದು ಕೆಲಸ ಬಿಟ್ಟುಬಿಟ್ಟ ಈ ಚಲನೆಗಳನ್ನೇ, ನಿಧಾನಕ್ಕೆ, ಉಸಿರಿನ ಜೊತೆಗೆ.

ಬೆಳಗಾವಿ ಸೀಮೆಯ ಪೈಲವಾನರನ್ನೇ ನೋಡಿ. ಹೊಲದಲ್ಲಿ ದುಡಿಯುವವರೇ ನಸುಕಿನಲ್ಲಿ ಎದ್ದು ಗರಡಿಯಲ್ಲಿ ದಂಡ, ಬೈಠಕ್ ಹೊಡೆಯುತ್ತಿದ್ದರು. "ದುಡೀತಿಯಲ್ಲಾ, ನಿನಗ್ಯಾಕ ಇದು?" ಎಂದು ಅವರನ್ನು ಯಾರೂ ಕೇಳಲಿಲ್ಲ. ದುಡಿಮೆ ಬೇರೆ, ಕಸರತ್ತು ಬೇರೆ ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹೆಂಗಸರ ನಡುನೋವಿಗೆ ಮಾತ್ರ ಅಂಗಡಿಯ ಗುಳಿಗೆಯೇ ಗತಿಯಾಯಿತು.

ನಮ್ಮ ದೊಡ್ಡವ್ವನೂ ನಾಟಿ ದಿನಗಳಲ್ಲಿ ರಾತ್ರಿ ಗುಳಿಗೆ ನುಂಗಿಯೇ ಮಲಗುತ್ತಿದ್ದಳು. ನೋವಿನ ಗುಳಿಗೆಯನ್ನು ಕೇಳುವವರಿಲ್ಲದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಮೊದಲು ಡಾಕ್ಟರಿಗೆ ತೋರಿಸಿದೆವು. ಎಲುಬಿಗೆ ಏನೂ ಆಗಿಲ್ಲ ಅಂದ ಮೇಲೆ, ಕಲಿತವರೊಬ್ಬರು ಅವಳಿಗೆ ಮೂರೇ ಮೂರು ಸಂಗತಿ ತೋರಿಸಿದರು. ಗೋಡೆಗೆ ಬೆನ್ನು ಹಚ್ಚಿ ನಿಂತು ಕೈ ಮೇಲೆತ್ತುವುದು. ಬೋರಲು ಮಲಗಿ, ಮೊಣಕೈ ಊರಿ, ಎದೆ ಸ್ವಲ್ಪವೇ ಎತ್ತುವುದು. ಕೊನೆಗೆ ಅಂಗಾತ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟು ಸುಮ್ಮನೆ ಉಸಿರಾಡುವುದು. ಹತ್ತು ನಿಮಿಷದ ಕೆಲಸ.

ನೋವು ಮಾಯವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಈ ಮಳೆಗಾಲದ ನಾಟಿಯಲ್ಲಿ ಎಷ್ಟೋ ರಾತ್ರಿ ಗುಳಿಗೆ ಇಲ್ಲದೆ ಮಲಗಿದ್ದಾಳೆ. "ಕಾಲ ಮ್ಯಾಲಿಟ್ಟ ಮಲಗೂದೂ ಯೋಗಾನ ಅಂದ್ರ, ಮೊದಲ ಹೇಳಬಾರದಾ?" ಎಂದು ನನ್ನನ್ನೇ ಬೈದಳು.

"ಮ್ಯಾಟ್ ಇಲ್ಲ, ಪ್ಯಾಂಟ್ ಇಲ್ಲ"

ಬೇಕಿಲ್ಲ. ಮಲಗಿ ಮಾಡುವುದಕ್ಕೆ ಮನೆಯ ಕೌದಿ ಸಾಕು. ನಿಂತು ಮಾಡುವುದಕ್ಕೆ ಬರಿ ನೆಲವೇ ಲೇಸು, ಕೌದಿ ಜಾರುತ್ತದೆ. ಕುರ್ಚಿ, ಪಟ್ಟಿ, ಇಟ್ಟಿಗೆಯಾಕಾರದ ಮರದ ತುಂಡು ಬಳಸಿ ಎಲ್ಲರಿಗೂ ಆಗುವಂತೆ ಮಾಡಿದ್ದೇ ಅಯ್ಯಂಗಾರರ ಹೆಗ್ಗಳಿಕೆ. ಪಟ್ಟಿಯ ಬದಲು ಹಳೆ ಟವೆಲ್ ಆದೀತು. ದೊಡ್ಡವ್ವ ಸೀರೆಯಲ್ಲೇ ಮಾಡುತ್ತಾಳೆ.

"ಅದು ಅವರ ಧರ್ಮದ್ದು"

ಬೆಳಗಾವಿಯ ತರಗತಿಯಲ್ಲಿ ನನ್ನ ಪಕ್ಕ ಒಬ್ಬ ಮುಸ್ಲಿಂ ಅಕ್ಕ ಇದ್ದರು. ವಜ್ರಾಸನ ಹೇಳಿಕೊಟ್ಟಾಗ "ನಮಾಜಿನ್ಯಾಗ ನಾವು ಕೂಡೂದು ಹಿಂಗ ಅಲ್ಲಾ" ಎಂದು ನಕ್ಕರು. ಊಟದ ಪಂಕ್ತಿಯಲ್ಲಿ ನಾವೆಲ್ಲ ಚಕ್ಕಳಮಕ್ಕಳ ಹಾಕುವುದೇ ಸುಖಾಸನ. ಮಂತ್ರ ಹೇಳುವುದು, ಬಿಡುವುದು ಅವರವರ ಮನಸ್ಸು. ಬೆನ್ನುಮೂಳೆಗೆ ಜಾತಿ ಇಲ್ಲ.

ಇದರ ಎದುರಿಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ಯೋಗದಿಂದ ಎಲ್ಲ ರೋಗವೂ ವಾಸಿ ಅನ್ನುವುದು. ಬಿಪಿ, ಶುಗರ್ ಗುಳಿಗೆಗಳನ್ನು ಯೋಗದ ಮೇಲೆ ಭಾರ ಹಾಕಿ ಬಿಡಬೇಡಿ. ಬಸುರಿಯರು, ಹರ್ನಿಯಾ, ಹೃದಯದ ತೊಂದರೆ, ಬೆನ್ನೆಲುಬಿನ ಡಿಸ್ಕ್ ಸರಿದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಮೊಬೈಲ್ ನೋಡಿ ಶೀರ್ಷಾಸನವಂತೂ ಬೇಡವೇ ಬೇಡ. ಚುಚ್ಚುವ ನೋವು ಬಂದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ.

ನಮ್ಮ ಆರೋಗ್ಯ ಉಪಕೇಂದ್ರಗಳ ಮೇಲೆ ಈಗ 'ಆಯುಷ್ಮಾನ್ ಆರೋಗ್ಯ ಮಂದಿರ' ಎಂಬ ಬೋರ್ಡು ಬಂದಿದೆ. ಅಲ್ಲಿನ ಕೆಲಸದ ಪಟ್ಟಿಯಲ್ಲಿ ಯೋಗವೂ ಸೇರಿದೆ. ನಿಮ್ಮ ಊರಲ್ಲಿ ಯಾವ ದಿನ, ಎಷ್ಟು ಗಂಟೆಗೆ ನಡೆಯುತ್ತದೆ ಎಂದು ಆಶಾ ಅಕ್ಕನನ್ನು ಕೇಳಿ. ನಡೆಯುತ್ತಿಲ್ಲ ಅಂದರೆ, ಯಾಕೆ ಎಂದು ಗ್ರಾಮಸಭೆಯಲ್ಲಿ ಕೇಳಿ. ಧಾರವಾಡದ ಹೆಣ್ಣುಮಕ್ಕಳಿಗೂ ಯೋಗ ಸಿಕ್ಕಿದ್ದು ಕೇಳಿದ್ದರಿಂದಲೇ.