ಗಂತಿನಲ್ಲಿ ಯಾಕೆ ಇಷ್ಟು ಹೊತ್ತು?

ಹಾಸ್ಟೆಲ್‌ನಲ್ಲಿರೋ ಬೇರೆ ಊರಿನ ಫ್ರೆಂಡ್ಸ್‌ಗೆ ಕಂಬಳ ಅಂದ್ರೆ ಏನು ಅಂತ ವಿವರಿಸೋಕೆ ನನ್ನ ಹತ್ರ ಒಂದು ಸುಲಭ ದಾರಿ ಇದೆ: ಅದು ನಮ್ಮ ಉಡುಪಿ-ಮಂಗಳೂರಿನ ಡ್ರ್ಯಾಗ್ ರೇಸ್. ಜೋಡುಕರೆ ಅಂದ್ರೆ ಅಕ್ಕಪಕ್ಕ ಎರಡು ಕೆಸರಿನ ಟ್ರ್ಯಾಕ್. ತಿರುವು ಇಲ್ಲ, ನೇರ ಓಟ. ಕೋಣಗಳು ಹೊರಡುವ ಕಡೆ ಗಂತು, ಮುಟ್ಟುವ ಕಡೆ ಮಂಜೊಟ್ಟಿ. ಹದಿನಾಲ್ಕು ಸೆಕೆಂಡಿನ ಒಳಗೆ ಎಲ್ಲ ಮುಗಿಯಬಹುದು.

ಆದರೆ ಆ ಹದಿನಾಲ್ಕು ಸೆಕೆಂಡಿಗಾಗಿ ಗಂತಿನಲ್ಲಿ ಎಷ್ಟೋ ನಿಮಿಷ ಕಾಯಬೇಕು. ಒಂದು ಜೋಡಿ ರೆಡಿ ಅಂದಾಗ ಇನ್ನೊಂದು ಜೋಡಿ ತಿರುಗಿ ನಿಲ್ಲುತ್ತದೆ. ಇದನ್ನು ಸರಿ ಮಾಡುವಾಗ ಅದು ಎಳೆಯುತ್ತದೆ. 24 ಗಂಟೆಯೊಳಗೆ ಕಂಬಳ ಮುಗಿಸಬೇಕು ಅಂತ ಸಮಿತಿಯವರು ಹೇಳುತ್ತಲೇ ಬಂದಿದ್ದಾರೆ, ಆದರೂ ಮರುದಿನ ಬಿಸಿಲು ಏರಿದ ಮೇಲೂ ಫೈನಲ್ ನಡೆಯುವುದುಂಟು. ಕಾರ್ಕಳದಲ್ಲಿ ಅಜ್ಜನ ಮನೆ ಹತ್ತಿರದ ಒಬ್ಬ ಅಣ್ಣ ಕೋಣ ಓಡಿಸುತ್ತಾರೆ. ಅವರು ಒಮ್ಮೆ ಹೇಳಿದ್ದು: “ಓಡಿ ಸುಸ್ತಾಗುವುದಿಲ್ಲ ಮಾರಾಯ, ನಿಂತು ಸುಸ್ತಾಗುವುದು.” ಸೋಮವಾರ ಬೆಳಿಗ್ಗೆ ಅವರಿಗೆ ಬೇರೆ ಕೆಲಸ ಇರುತ್ತದೆ. ಇಲ್ಲಿ ಹೆಚ್ಚಿನವರು ಹಾಗೆಯೇ. 2020ರಲ್ಲಿ ದೇಶವೆಲ್ಲ ಮಾತಾಡಿದ ಶ್ರೀನಿವಾಸ ಗೌಡ ಕಟ್ಟಡ ಕೆಲಸ ಮಾಡುತ್ತಿದ್ದವರು.

ಅವರ ಲೆಕ್ಕ ನೆನಪಿದೆಯಾ? ಐಕಳದಲ್ಲಿ 142.5 ಮೀಟರ್, 13.62 ಸೆಕೆಂಡ್. ಸ್ವಲ್ಪ ದಿನದಲ್ಲೇ ವೇಣೂರಿನಲ್ಲಿ ಕಾರ್ಕಳ ತಾಲೂಕು ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರ್ ದೂರವನ್ನು 13.61 ಸೆಕೆಂಡಿನಲ್ಲಿ ಓಡಿದರು. ಟಿವಿಯವರು ತ್ರೈರಾಶಿ ಹಾಕಿ 100 ಮೀಟರ್‌ಗೆ ಇಳಿಸಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಮುಂದೆ ಎಳೆಯಲು ಎರಡು ಕೋಣ ಇರುವ ಓಟವನ್ನು ಹಾಗೆ ಹೋಲಿಸುವುದೇ ತಪ್ಪು. ಅದು ಬಿಡಿ, ಕಂಬಳ ಕಂಬಳವನ್ನೇ ಹೋಲಿಸೋಣ ಅಂದ್ರೂ ಕಷ್ಟ: ಎಲ್ಲ ಕರೆಗಳ ಉದ್ದ ಒಂದೇ ಅಲ್ಲ. ಕಟಪಾಡಿಯ ಮೂಡು-ಪಡು ಕರೆಯಲ್ಲಿ ಓಡಿದ್ದನ್ನು ಮಿಯ್ಯಾರಿನ ಲವ-ಕುಶ ಕರೆಯ ಜೊತೆ ಹೇಗೆ ಇಡುವುದು?

ನಿಜವಾದ ಡ್ರ್ಯಾಗ್ ರೇಸಿನವರಿಗೂ ಇದೇ ತಲೆನೋವು ಇತ್ತು. ಅಮೆರಿಕದಲ್ಲಿ ಬೀದಿಯಲ್ಲಿ ಕಾರು ಓಡಿಸುತ್ತಿದ್ದ ಹುಡುಗರನ್ನು ಒಂದು ಶಿಸ್ತಿಗೆ ತರಲು 1951ರಲ್ಲಿ ಎನ್‌ಎಚ್‌ಆರ್‌ಎ ಶುರುವಾಯಿತು. 1963ರಲ್ಲಿ ಬಾವುಟ ಬೀಸುವ ಬದಲು ದೀಪದ ಕಂಬ ಬಂತು. ಅಲ್ಲಿ ಡ್ರೈವರ್ ದೀಪ ನೋಡಿ ಹೊರಡಲು ತೆಗೆದುಕೊಂಡ ಸಮಯ ಬೇರೆ, ಕಾರು ಓಡಿದ ಸಮಯ ಬೇರೆ ಲೆಕ್ಕ. 2008ರಲ್ಲಿ ಸ್ಕಾಟ್ ಕಲಿಟಾ ಎಂಬ ಡ್ರೈವರ್ ಸತ್ತ ಮೇಲೆ, ಅತಿ ವೇಗದ ಕಾರುಗಳ ಓಟವನ್ನು 402 ಮೀಟರ್‌ನಿಂದ ಸುಮಾರು 305 ಮೀಟರ್‌ಗೆ ಇಳಿಸಿದರು. ಸಂಪ್ರದಾಯ ಹೋಯಿತು ಅಂತ ಬೇಜಾರಾದವರು ಇದ್ದರು. ಆದರೂ ಆಟ ಉಳಿಯಿತು.

ಕೋಣಕ್ಕೆ ಹಸಿರು ದೀಪ ಅರ್ಥವಾಗುವುದಿಲ್ಲ, ಒಪ್ಪಿದೆ. ಆದರೆ ಗಂತಿಗೆ ಒಂದು ಗಡಿಯಾರ ಇಡಬಹುದಲ್ಲ? ಇಷ್ಟು ನಿಮಿಷದೊಳಗೆ ಬಿಡದಿದ್ದರೆ ಆ ಜೋಡಿಗೆ ಸಮಯ ಮುಗಿಯಿತು ಅಂತ ಎಲ್ಲ ಯಜಮಾನರಿಗೂ ಒಂದೇ ನಿಯಮ, ದೊಡ್ಡ ಮನೆತನದ ಕೋಣಕ್ಕೂ ಅದೇ. ಮಂಜೊಟ್ಟಿಯಲ್ಲಿ ಲೇಸರ್ ಈಗಾಗಲೇ ಇದೆ, ಗಂತಿನಲ್ಲೂ ಒಂದು ಇಟ್ಟರೆ ಸಮಯದ ಬಗ್ಗೆ ಜಗಳ ಕಮ್ಮಿ. ಇದು ನಮ್ಮ ಲ್ಯಾಬಿನಲ್ಲೇ ಮಾಡಬಹುದಾದಷ್ಟು ಸಣ್ಣ ಸರ್ಕ್ಯೂಟ್. ಇನ್ನು ಬಿದ್ದು ಕಾಲು ಮುರಿದರೆ ಓಟಗಾರನಿಗೆ ವಿಮೆ. ನಿಯಮ ಮಾಡುವ ಮೀಟಿಂಗ್‌ನಲ್ಲಿ ಓಡುವವರಿಗೂ ಒಂದೆರಡು ಕುರ್ಚಿ.

2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ನಿಂತೇ ಹೋಗುತ್ತದೆ ಅಂದುಕೊಂಡಿದ್ದೆವು. ಆಗ ಯಜಮಾನರು, ಓಟಗಾರರು, ಸಮಿತಿ ಎಲ್ಲ ಒಟ್ಟಿಗೆ ನಿಂತರು. ರಾಜ್ಯ ಕಾನೂನು ತಿದ್ದಿತು, 2023ರ ಮೇ 18ಕ್ಕೆ ಅದೇ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನಗತ್ಯ ಹಿಂಸೆ ಇಲ್ಲ ಎಂಬ ಮಾತಿನ ಮೇಲೆ ಸಿಕ್ಕಿದ ಅನುಮತಿ ಅದು. ರಾತ್ರಿಯಿಡೀ ಕೋಣವನ್ನು ಗಂತಿನಲ್ಲಿ ನಿಲ್ಲಿಸಿದರೆ ಆ ಮಾತು ಉಳಿಯುತ್ತದಾ?

ಮುಂದಿನ ಸೀಸನ್‌ಗೆ ನಮ್ಮ ಬ್ರಾಂಚಿನ ಮೂವರು ಸೇರಿ ಗಂತಿನ ಟೈಮರ್ ಒಂದನ್ನು ಮಾಡುತ್ತಿದ್ದೇವೆ. ಸಮಿತಿ ಬೇಡ ಅನ್ನಬಹುದು. ಆ ಅಣ್ಣ ಮಾತ್ರ “ಕೆಸರು ಬಿದ್ದರೂ ಕೆಲಸ ಮಾಡಬೇಕು ನೋಡು” ಅಂತ ಈಗಲೇ ಕಂಡೀಷನ್ ಹಾಕಿದ್ದಾರೆ.