ಆಣೆ ಮಾಡಿ ಮಿಸ್

ಹೈಸ್ಕೂಲೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದಾಗಿನ ಮಾತಿದು. ನನಗೆ ಅಂತ ಬೇರೆ ಕೋಣೆ ಇರಲಿಲ್ಲ. ಆಟದ ಸಾಮಾನಿನ ರೂಮಿನಲ್ಲಿ ಒಂದು ಬೀರು ಅಡ್ಡ ನಿಲ್ಲಿಸಿ, ಅದರ ಹಿಂದೆ ಎರಡು ಕುರ್ಚಿ ಹಾಕಿಕೊಂಡಿದ್ದೆ. ಮಗು ಬಾಯಿ ಬಿಡುವ ಹೊತ್ತಿಗೆ ಸರಿಯಾಗಿ ಯಾರಾದರೂ ಬಂದು ವಾಲಿಬಾಲ್ ಕೇಳೋರು.

ದೀಪಾವಳಿ ಕಳೆದ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಲೆಕ್ಕದಲ್ಲಿ ಬಲು ಚುರುಕು. “ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಮಿಸ್” ಅಂದಳು. ಈ ಕೆಲಸದಲ್ಲಿ ಇದಕ್ಕಿಂತ ಕಷ್ಟದ ಗಳಿಗೆ ಇನ್ನೊಂದಿಲ್ಲ. ಹೂಂ ಅಂದರೆ ಎಲ್ಲ ಹೇಳಿಬಿಡುತ್ತಾಳೆ. ಆಮೇಲೆ ಆ ಮಾತು ಉಳಿಸಿಕೊಳ್ಳಲು ಆಗದಿದ್ದರೆ? “ಇಲ್ಲಿ ಆಡಿದ್ದು ಇಲ್ಲೇ ಇರುತ್ತೆ ಕಣಮ್ಮ. ಆದ್ರೆ ನಿನಗೆ ಅಪಾಯ ಅನ್ನಿಸಿದ್ರೆ ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೇ ತಿಳಿಸ್ತೀನಿ” ಅಂದೆ. ಎದ್ದು ಹೋಗಿಬಿಟ್ಟಳು.

ವಾರ ಕಳೆದು ತಾನಾಗೇ ಬಂದಳು. ಲೆಕ್ಕದ ನೋಟ್‌ಬುಕ್ಕಿನ ಕೊನೇ ಹಾಳೆ ತೆರೆದು ತೋರಿಸಿದಳು. ಅಲ್ಲೊಂದು ತಾರೀಖು. ಅದರ ಮೇಲೇ ಪೆನ್ನಾಡಿಸಿ ಆಡಿಸಿ ಹಾಳೆ ತೂತಾಗಿತ್ತು. ಸೋದರಮಾವನ ಜೊತೆ ಮದುವೆ. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಕಣ್ಮುಚ್ಚೋದರೊಳಗೆ ಅಕ್ಷತೆ ಹಾಕಬೇಕಂತೆ. “ಮಾವ ಒಳ್ಳೆಯವನೇ ಮಿಸ್, ಅವನನ್ನ ಪೊಲೀಸರು ಹಿಡೀಬಾರದು. ನಾನು ಪರೀಕ್ಷೆ ಬರೀಬೇಕು, ಅಷ್ಟೇ.”

ಅವಳಿಗೆ ಹದಿನೈದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದ್ದೇ ಇದೆ. ಕರ್ನಾಟಕದಲ್ಲಂತೂ 2017ರ ತಿದ್ದುಪಡಿಯ ಮೇಲೆ ಅಂಥ ಮದುವೆ ಕಾನೂನಿನ ಪ್ರಕಾರ ಮದುವೆಯೇ ಅಲ್ಲ. “ನಡೆದುಹೋದ್ರೆ ಮಾವನಿಗೆ 2 ವರ್ಷದವರೆಗೂ ಜೈಲಾಗಬಹುದು. ಈಗಲೇ ನಿಂತ್ರೆ ಅವನೂ ಉಳೀತಾನೆ” ಅಂತ ಬಿಡಿಸಿ ಹೇಳಿದೆ. ಅವಳ ಎದುರಿಗೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ.

ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವಳ ಮನೆಗೆ ಹೋಗಿ, ಹದಿನೆಂಟು ತುಂಬುವವರೆಗೆ ಮದುವೆ ಮಾಡಲ್ಲ ಅಂತ ಅಪ್ಪ-ಅಮ್ಮನಿಂದ ಮುಚ್ಚಳಿಕೆ ಬರೆಸಿಕೊಂಡರು. ಮಾರನೇ ದಿನ ಅಮ್ಮ ಶಾಲೆಯ ಗೇಟಿಗೇ ಬಂದರು. “ನಮ್ಮ ಮಾನ ಬೀದಿಗೆ ಹಾಕಿದ್ರಲ್ಲ!” ನಾನು ಎದುರಾಡಲಿಲ್ಲ. ನಿಂತುಹೋದದ್ದು ಅವರ ಸ್ವಂತ ತಮ್ಮನ ಮದುವೆ; ಆ ತಾಯಿಗೆ ತವರಿನ ಬಾಗಿಲೇ ಮುಚ್ಚಿಹೋಗಿತ್ತು. ಅವರ ಸಿಟ್ಟು ಸುಳ್ಳಲ್ಲ. ಮದುವೆ ನಿಲ್ಲಿಸಿದವರು ಜೀಪು ಹತ್ತಿ ಹೋಗುತ್ತಾರೆ, ಆ ಮನೆಯಲ್ಲೇ ಉಂಡು ಮಲಗಬೇಕಾದವಳು ಹುಡುಗಿ. ನನ್ನ ನಿಜವಾದ ಕೆಲಸ ಶುರುವಾದದ್ದು ಆವತ್ತಿನಿಂದ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು, ನಾನೂ ಕರೆದು ಕೂರಿಸಲಿಲ್ಲ. ದಿನಾ ಹಾಜರಿ ಪುಸ್ತಕ ನೋಡುತ್ತಿದ್ದೆ. ಬಿಸಿಯೂಟದ ಸಾಲಿನಲ್ಲಿ ಅವಳಿದ್ದಾಳಾ, ತಟ್ಟೆ ಖಾಲಿ ಮಾಡಿದಳಾ ಅಂತ ದೂರದಿಂದಲೇ ನೋಡುತ್ತಿದ್ದೆ.

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಫಸ್ಟ್ ಕ್ಲಾಸ್! ಟಿಸಿ ತಗೊಳ್ಳೋಕೆ ಬಂದವಳು ಸೀದಾ ನನ್ನ ಬೀರುವಿನ ಹಿಂದೆ ಬಂದು ಕೂತಳು, ಜೊತೆಗೆ ಅಮ್ಮ. ಪಿಯುಸಿಗೆ ತಾಲ್ಲೂಕಿಗೆ ಹೋಗಬೇಕು, ಹಾಸ್ಟೆಲ್ ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮಾಡಿಸಬೇಕು ಅಂತ ಹೇಳುತ್ತಾ ಹೋದೆ. ಅಷ್ಟು ಹೊತ್ತೂ ನೆಲ ನೋಡುತ್ತಾ ಕೂತಿದ್ದ ಆ ತಾಯಿ ಕೇಳಿದರು: “ಅಲ್ಲಿ ರಾತ್ರಿಗೆ ಮುದ್ದೆ ಹಾಕ್ತಾರಾ ಮೇಡಂ? ಇವಳಿಗೆ ಬರೀ ಅನ್ನ ಸಾಲಲ್ಲ.”